ಬೇಸಿಗೆಯ ಮಳೆ ‘ಅಕಾಲಿಕ’ವೇ? ಗುಡುಗು ಮೋಡದ ಹಿನ್ನೆಲೆ

2025ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ವಾಡಿಕೆಯಂತೆ ಸುಮಾರು 74 ಮಿ.ಮೀ. ಮಳೆಯಾಗಬೇಕಿತ್ತು, ಸುರಿದದ್ದು ಸುಮಾರು 219 ಮಿ.ಮೀ. ಬೆಂಗಳೂರಿನಲ್ಲಿ ಆ ತಿಂಗಳು 307.9 ಮಿ.ಮೀ. ಮಳೆ ದಾಖಲಾಗಿ, 2023ರ ಮೇ ತಿಂಗಳ 305.4 ಮಿ.ಮೀ. ದಾಖಲೆ ಅಳಿಯಿತು. ಅದಕ್ಕೂ ಹಿಂದೆ 1957ರ ಮೇ ತಿಂಗಳ 287.1 ಮಿ.ಮೀ. ಆರು ದಶಕಗಳಿಗೂ ಹೆಚ್ಚು ಕಾಲ ಮೊದಲ ಸ್ಥಾನದಲ್ಲಿತ್ತು. ಇಂಥ ಮಳೆಯನ್ನು ಪ್ರತಿ ಬಾರಿಯೂ ‘ಅಕಾಲಿಕ ಮಳೆ’ ಎಂದು ಕರೆಯುವ ರೂಢಿ ಬೆಳೆದಿದೆ. ಈ ಹೆಸರು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಅದು ಮಳೆಯ ಕಾರಣವನ್ನೇ ಮರೆಮಾಡುತ್ತದೆ.

ನಮ್ಮ ರೈತರ ಲೆಕ್ಕದಲ್ಲಿ ಈ ಮಳೆಗೆ ಹಿಂದಿನಿಂದಲೂ ಕಾಲವಿದೆ. ಏಪ್ರಿಲ್ ನಡುವೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೇ ವಾರ ಕೃತ್ತಿಕೆ, ಕೊನೆಯ ವಾರ ರೋಹಿಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಹುಟ್ಟಿದ್ದು ಮುಂಗಾರಿಗೆ ಮೊದಲೇ ಬೀಳುವ ಈ ಮಳೆಯನ್ನು ನಂಬಿ ಹೊಲ ಉಳುತ್ತಿದ್ದವರ ನಡುವೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಾರ್ಚ್–ಏಪ್ರಿಲ್‌ನ ಹೂಮಳೆ ತಪ್ಪಿದರೆ ಇಡೀ ವರ್ಷದ ಫಸಲಿಗೇ ಕುತ್ತು. ಬೆಂಗಳೂರಿನ ಮೇ ತಿಂಗಳ ಸರಾಸರಿ ಮಳೆಯೇ ಸುಮಾರು 128 ಮಿ.ಮೀ., ಅಂದರೆ ಜುಲೈ ತಿಂಗಳಿಗಿಂತ ಹೆಚ್ಚು.

ಈ ಮಳೆ ಹುಟ್ಟುವುದು ಎರಡು ಗಾಳಿಗಳು ಸೇರುವ ಗೆರೆಯಲ್ಲಿ. ಬೇಸಿಗೆಯಲ್ಲಿ ವಿದರ್ಭ ಅಥವಾ ಮರಾಠವಾಡದ ಕಡೆಯಿಂದ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡಿನವರೆಗೆ, ನೆಲದಿಂದ ಸುಮಾರು 1 ಕಿ.ಮೀ. ಎತ್ತರದಲ್ಲಿ, ಕಡಿಮೆ ಒತ್ತಡದ ಒಂದು ಪಟ್ಟಿ ಚಾಚಿಕೊಂಡಿರುತ್ತದೆ. ಅದರ ಪಶ್ಚಿಮಕ್ಕೆ ಒಣ ವಾಯವ್ಯ ಗಾಳಿ, ಪೂರ್ವಕ್ಕೆ ಬಂಗಾಳ ಕೊಲ್ಲಿಯ ತೇವ ಹೊತ್ತ ಆಗ್ನೇಯ ಗಾಳಿ. ಬೆಳಗಿನಿಂದ ನೆಲ ಕಾಯುತ್ತಿದ್ದರೂ ಮಧ್ಯಾಹ್ನದವರೆಗೆ ಮೋಡ ಕಟ್ಟದಿರಬಹುದು, ಏಕೆಂದರೆ ಮೇಲೆ ಬೆಚ್ಚಗಿನ ಗಾಳಿಯ ಪದರವೊಂದು ಪಾತ್ರೆಯ ಮುಚ್ಚಳದಂತೆ ಕುಳಿತು ಕೆಳಗಿನ ತೇವದ ಗಾಳಿಯನ್ನು ಏರಲು ಬಿಡುವುದಿಲ್ಲ. ಮೂರು, ನಾಲ್ಕು ಗಂಟೆಯ ಹೊತ್ತಿಗೆ ಕಾವು ಆ ಮುಚ್ಚಳವನ್ನು ಒಡೆದರೆ, ಮೇಲೇರಿದ ಆವಿ ಹನಿಯಾಗುವಾಗ ಪ್ರತಿ ಕಿಲೋಗ್ರಾಂಗೆ ಸುಮಾರು 25 ಲಕ್ಷ ಜೂಲ್ ಶಾಖ ಹೊರಬಿದ್ದು, ಮೋಡ ತನ್ನದೇ ಬಲದಿಂದ 12–15 ಕಿ.ಮೀ. ಎತ್ತರಕ್ಕೆ ಬೆಳೆಯುತ್ತದೆ. ಸುಮಾರು 5 ಕಿ.ಮೀ. ಮೇಲಕ್ಕೆ ಉಷ್ಣಾಂಶ ಸೊನ್ನೆಗಿಂತ ಕೆಳಗಿರುವುದರಿಂದ ಅಲ್ಲಿ ಆಲಿಕಲ್ಲು ಬೆಳೆಯುತ್ತದೆ. ಮಂಜುಗಡ್ಡೆಯ ಕಣಗಳ ತಾಕಲಾಟದಿಂದ ವಿದ್ಯುದಂಶ ಬೇರ್ಪಟ್ಟು ಸಿಡಿಲಾಗುತ್ತದೆ. ಬೀಳುವ ಮಳೆಯ ಒಂದಷ್ಟು ಭಾಗ ದಾರಿಯಲ್ಲೇ ಆವಿಯಾಗಿ ಸುತ್ತಲ ಗಾಳಿಯನ್ನು ತಂಪುಮಾಡುತ್ತದೆ, ತಂಪಾಗಿ ಭಾರವಾದ ಆ ಗಾಳಿ ನೆಲಕ್ಕೆ ಅಪ್ಪಳಿಸಿ ಹರಡುತ್ತದೆ. ಗೊನೆ ಬಿಟ್ಟ ಬಾಳೆಯ ತೋಟ ಹತ್ತೇ ನಿಮಿಷದಲ್ಲಿ ಮಲಗುವುದು ಈ ಗಾಳಿಯಿಂದ.

ಇಷ್ಟನ್ನು ತಿಳಿಯಲು ಬಹಳ ಕಾಲ ಬೇಕಾಯಿತು. 1864ರ ಕಲ್ಕತ್ತಾ ಚಂಡಮಾರುತ ಮತ್ತು ನಂತರದ ಬರಗಳ ಬೆನ್ನಲ್ಲೇ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು. ಆದರೆ ನೆಲದ ಮೇಲಿನ ಉಪಕರಣಗಳು ಗುಡುಗು ಮೋಡದ ಒಡಲನ್ನು ತೋರಿಸಲಾರವು. 1930ರ ದಶಕದಲ್ಲಿ ಇಲಾಖೆಯ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ನಾರ್ಮಂಡ್, ಶಾಂತವಾಗಿ ಕಾಣುವ ವಾತಾವರಣದಲ್ಲಿ ತೇವಾಂಶದ ರೂಪದಲ್ಲಿ ಅಡಗಿರುವ ಅಸ್ಥಿರತೆಯನ್ನು ವಿವರಿಸಿದರು. ಇಂದಿನ ಮುನ್ಸೂಚಕರು ಮೊದಲು ಲೆಕ್ಕಹಾಕುವುದೂ ಇದನ್ನೇ. ಆ ಲೆಕ್ಕಕ್ಕೆ ಮೇಲಿನ ಗಾಳಿಯ ಅಳತೆ ಬೇಕು, ಅಳತೆಗೆ ನಂಬಬಹುದಾದ ಉಪಕರಣ ಬೇಕು. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಿ, 1948ರಲ್ಲಿ ಇಲಾಖೆಯ ಪುಣೆ ಕಚೇರಿ ಸೇರಿದ ಅಣ್ಣಾ ಮಣಿ ಹವಾಮಾನ ಉಪಕರಣಗಳನ್ನು ದೇಶದಲ್ಲೇ ತಯಾರಿಸುವ ಕೆಲಸಕ್ಕೆ ತಮ್ಮ ಬದುಕನ್ನೇ ಕೊಟ್ಟರು. ಅವರ ಹೆಸರು ನಮ್ಮಲ್ಲಿ ಇನ್ನೂ ಹೆಚ್ಚು ಜನರಿಗೆ ತಿಳಿಯಬೇಕು.

ಮೇ ತಿಂಗಳ ಎಲ್ಲ ಮಳೆಯೂ ಈ ಬಗೆಯದಲ್ಲ. 2025ರ ಮೇ ಮೂರನೇ ವಾರದ ಬಳಿಕ ಕೊಂಕಣ–ಕರ್ನಾಟಕ ಕರಾವಳಿಯಾಚೆ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಉಂಟಾಯಿತು. ಮೇ 24ರಂದೇ ಮುಂಗಾರು ಕೇರಳವನ್ನು ತಲುಪಿತು. 2021ರ ಮೇ ತಿಂಗಳಲ್ಲಿ ಕರಾವಳಿಯನ್ನು ನಡುಗಿಸಿದ್ದು ತೌಕ್ತೆ ಚಂಡಮಾರುತ. ಸಮುದ್ರದಿಂದ ಬರುವ ಇಂಥ ಮಳೆ ಹಲವು ಜಿಲ್ಲೆಗಳನ್ನು ದಿನಗಟ್ಟಲೆ ನೆನೆಸುತ್ತದೆ, ಅದರ ಸೂಚನೆಯೂ ಕೆಲವು ದಿನ ಮೊದಲೇ ಸಿಗುತ್ತದೆ. ಗುಡುಗು ಮಳೆ ಹಾಗಲ್ಲ: ಒಂದೂರಿನಲ್ಲಿ ಕೆರೆ ತುಂಬಿಸಿ ಪಕ್ಕದೂರನ್ನು ಒಣಗಲು ಬಿಡುತ್ತದೆ. ಎರಡಕ್ಕೂ ‘ಅಕಾಲಿಕ’ ಎಂಬ ಒಂದೇ ಹೆಸರಿಟ್ಟರೆ ಎಚ್ಚರಿಕೆಯ ಬಗೆ ಬೇರೆ ಬೇರೆ ಎಂಬುದೂ ಮರೆತುಹೋಗುತ್ತದೆ.

ಬದಲಾಗಿರುವುದು ಮಳೆಯ ಕಾಲಕ್ಕಿಂತ ಅದರ ಏರಿಳಿತ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ಆವಿಯನ್ನು ಹಿಡಿದಿಡಬಲ್ಲದು. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ನಗರ ವೀಕ್ಷಣಾಲಯದಲ್ಲಿ ಅಳೆಯುವಷ್ಟು ಮಳೆಯೇ ಬೀಳಲಿಲ್ಲ; ಜೂನ್ 2ರ ಒಂದೇ ದಿನ 111 ಮಿ.ಮೀ. ಬಿದ್ದು 1891ರ ಜೂನ್ ದಾಖಲೆ ಮುರಿಯಿತು. ಅದಕ್ಕೂ ಹಿಂದಿನ ವರ್ಷ, ಮೇ 21ರಂದು, ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಗಂಟೆಯೊಳಗೆ ಸುರಿದು ಮುಗಿಯುವ ಮಳೆಗೆ ತಗ್ಗಿನ ರಸ್ತೆ ಎಷ್ಟು ಅಪಾಯಕಾರಿ ಎಂಬುದನ್ನು ಆ ಸಾವು ತೋರಿಸಿತು.

ಈ ಮಳೆಯನ್ನು ಹಿಡಿಯಲು ಹತ್ತಿರದಿಂದಲೇ ನೋಡಬೇಕು. ಬೆಂಗಳೂರಿನ ಮೋಡಗಳನ್ನು ಬಹುಕಾಲ ಚೆನ್ನೈನ ರೇಡಾರ್ ಮೂಲಕ ನೋಡಬೇಕಾಗಿತ್ತು. ಭೂಮಿಯ ಬಾಗುವಿಕೆಯಿಂದಾಗಿ ಅಷ್ಟು ದೂರಕ್ಕೆ ರೇಡಾರ್ ಕಿರಣ ಹಲವು ಕಿ.ಮೀ. ಎತ್ತರದಲ್ಲಿ ಹಾದುಹೋಗುವುದರಿಂದ ಮೋಡದ ತಲೆ ಕಾಣುತ್ತದೆ, ಬುಡ ಕಾಣುವುದಿಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾದ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದ್ದು ಈ ಕೊರತೆಯನ್ನು ನೆಲದ ಮೇಲೆ ಬಹುಮಟ್ಟಿಗೆ ತುಂಬಿದೆ. ಅದರ ‘ಸಿಡಿಲು’ ಆ್ಯಪ್ ಹತ್ತಿರದಲ್ಲಿ ಮಿಂಚು ಬಡಿಯುತ್ತಿರುವುದನ್ನು ಮೊಬೈಲ್‌ಗೆ ತಿಳಿಸುತ್ತದೆ. ಸಂಜೆ ನಾಲ್ಕಕ್ಕೆ ಬಯಲಿನಲ್ಲಿ ಕುರಿ ಮೇಯಿಸುತ್ತಾ, ಮಳೆ ಬಂದಾಗ ಒಂಟಿ ಮರದಡಿ ನಿಲ್ಲುವವರ ಕೈಗೆ ಆ ಎಚ್ಚರಿಕೆ ಅರ್ಧ ಗಂಟೆ ಮೊದಲು ತಲುಪಿದರೂ ಮಂದೆಯೊಂದಿಗೆ ಊರು ಸೇರಲು ಸಮಯ ಸಿಗುತ್ತದೆ.