ಚರಂಡಿ ಕ್ಲೀನ್ ಆಯ್ತು, ಡೆಂಗಿ ಯಾಕೆ ಹೋಗಲಿಲ್ಲ?

ಪ್ರಶ್ನೆ: ಸರ್, ನಮ್ಮ ಬೀದಿ ಚರಂಡಿ ಕ್ಲೀನ್ ಮಾಡಿಸಿ ಪೌಡರ್ ಹಾಕಿಸಿದ್ವಿ. ಆದ್ರೂ ಪಕ್ಕದ ಮನೆಯಲ್ಲಿ ಇಬ್ಬರಿಗೆ ಡೆಂಗಿ. ಯಾಕೆ?

ಶಿವಮೊಗ್ಗದಲ್ಲಿ ಮಳೆ ಹಿಡಿಯಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ನನ್ನ ಉತ್ತರವೂ ಪ್ರತಿ ವರ್ಷ ಅದೇ: ಡೆಂಗಿ ಸೊಳ್ಳೆಗೆ ನಿಮ್ಮ ಚರಂಡಿ ಬೇಕಿಲ್ಲ.

ಚರಂಡಿಯ ಕೊಳಕು ನೀರಲ್ಲಿ ಹುಟ್ಟುವುದು ಕ್ಯೂಲೆಕ್ಸ್. ರಾತ್ರಿ ಕಿವಿ ಹತ್ತಿರ ಗುಂಯ್ ಅನ್ನುವುದು, ಆನೆಕಾಲು ರೋಗ ಹರಡುವುದು ಅದು. ಡೆಂಗಿ ತರುವ ಈಡಿಸ್ ಬೇರೆಯೇ. ಕಾಲಿಗೆ ಬಿಳಿ ಪಟ್ಟೆ, ಕಚ್ಚುವುದು ಹಗಲಲ್ಲಿ. ಸ್ವಲ್ಪ ಮಡಿ ಜಾಸ್ತಿ, ನಿಂತ ತಿಳಿನೀರೇ ಬೇಕು. ಡ್ರಮ್ಮು, ಹೂಕುಂಡದ ತಟ್ಟೆ, ಹಳೇ ಟಯರು. ‘ನಮ್ಮನೆ ಕನ್ನಡಿ ಹಾಗಿದೆ’ ಅಂದವರೊಬ್ಬರ ಫ್ರಿಜ್ಜಿನ ಹಿಂದಿನ ಟ್ರೇ ಎಳೆದು ತೋರಿಸಿದೆ. ಮರಿಹುಳಗಳು ಕುಣಿಯುತ್ತಿದ್ದವು. ಅವರು ಚರಂಡಿ ಮಾತು ಬಿಟ್ಟರು.

ಡ್ರಮ್ಮಿನ ನೀರು ಸುಮ್ನೆ ಚೆಲ್ಲಿದರೂ ಸಾಲದು. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಗೋಡೆಗೆ ಅಂಟಿಸಿ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ. ನೀರು ಮೇಲೇರಿ ತಾಗಿದಾಗ ಒಡೆಯುತ್ತದೆ. ಹಾಗಾಗಿ ಡ್ರಮ್ಮಿನ ಒಳಗೋಡೆ ಉಜ್ಜಬೇಕು. ವಾರಕ್ಕೊಮ್ಮೆ ಅನ್ನುವುದು ಯಾಕೆ ಅಂದರೆ, ಮೊಟ್ಟೆಯಿಂದ ಸೊಳ್ಳೆ ಆಗಲು ವಾರ, ಹತ್ತು ದಿನ ಸಾಕು. ಹೊಗೆ ಹಾಕುವ ಗಾಡಿಯಿಂದ ಹಾರುವ ಸೊಳ್ಳೆ ಸಾಯಬಹುದು, ಮೊಟ್ಟೆಗೆ ಏನೂ ಆಗುವುದಿಲ್ಲ.

ಇನ್ನೊಂದು, ನೀವು ಕೇಳದ ವಿಷಯ. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಸೊಳ್ಳೆ ಕೊಲ್ಲುವ ಬದಲು ಸೊಳ್ಳೆಯನ್ನೇ ಬಿಟ್ಟರು. ಅದರ ಒಳಗೆ ಹಣ್ಣಿನ ನೊಣದಿಂದ ತೆಗೆದ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ. ಅದಿದ್ದರೆ ಸೊಳ್ಳೆಯೊಳಗೆ ಡೆಂಗಿ ವೈರಸ್ ಬೆಳೆಯುವುದು ಕಷ್ಟ. ಸೊಳ್ಳೆ ಬಿಟ್ಟ ಬಡಾವಣೆಗಳಲ್ಲಿ ಡೆಂಗಿ ಶೇ. 77ರಷ್ಟು ಕಡಿಮೆಯಾಯಿತು ಎಂದು 2021ರಲ್ಲಿ ಪ್ರಕಟವಾಯಿತು. ಪುದುಚೇರಿಯಲ್ಲಿರುವ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೇಂದ್ರವೂ ಇಂಥ ಸೊಳ್ಳೆ ಬೆಳೆಸಿದೆ.

ಆದರೆ ಹಾಗೆ ಬಿಟ್ಟ ಸೊಳ್ಳೆ ಪೇಟೆಯ ಈಡಿಸ್ ಈಜಿಪ್ಟಿ. ನಮ್ಮ ತೋಟದ ಅಡಿಕೆ ಹಾಳೆ, ತೆಂಗಿನ ಚಿಪ್ಪಿನ ನೀರಲ್ಲಿ ಬೆಳೆಯುವುದು ಅದರ ದಾಯಾದಿ, ಅಲ್ಬೊಪಿಕ್ಟಸ್. ತಮಾಷೆ ನೋಡಿ, ಇದರಲ್ಲಿ ವೊಲ್ಬಾಕಿಯಾ ಹುಟ್ಟಿನಿಂದಲೇ ಇರುತ್ತದೆ. ಆದರೂ ಡೆಂಗಿ ಹರಡುತ್ತದೆ! ಹಾಗಾಗಿ ತೋಟದಲ್ಲಿ ಸದ್ಯಕ್ಕೆ ಹಾಳೆ ಕವುಚಿ ಹಾಕುವ ಕೆಲಸ ತಪ್ಪಿದ್ದಲ್ಲ.