ಕಣ್ಣಿಗೆ ಕಲಿಸಬೇಕಾದ ಕ್ರಿಯಾರೂಪ

ಫ್ರೆಂಚ್ ಕಾದಂಬರಿಗಳಲ್ಲಿ ಮೂರೇ ಅಕ್ಷರದ ಒಂದು ಪದ ಆಗಾಗ ಎದುರಾಗುತ್ತದೆ. ಎಫ್, ಐ, ಟಿ. ಐ ಮೇಲೆ ಚುಕ್ಕೆಯ ಬದಲು ಪುಟ್ಟ ಟೋಪಿಯಂಥ ಗುರುತು. ಓದುವಾಗ ‘ಫಿ’ ಅಷ್ಟೇ, ಕೊನೆಯ ಟಿ ಕೇಳಿಸುವುದಿಲ್ಲ. ನನ್ನ ಕ್ಲಾಸಿನ ಒಬ್ಬ ಹುಡುಗಿ ಇದರ ಅರ್ಥಕ್ಕಾಗಿ ಒಂದು ಸಂಜೆಯೆಲ್ಲ ಡಿಕ್ಷನರಿ ತಿರುವಿಹಾಕಿದ್ದಳು. ಸಿಕ್ಕಿರಲಿಲ್ಲ. ಡಿಕ್ಷನರಿಯಲ್ಲಿ ಇರುವುದು ‘ಫೆರ್’, ಅಂದರೆ ‘ಮಾಡು’. ಫೆರ್ ಅವಳಿಗೆ ಮೊದಲ ವರ್ಷದಿಂದಲೂ ಗೊತ್ತು. ದಿನಾ ಬಳಸುತ್ತಾಳೆ. ಆದರೂ ಈ ವೇಷದಲ್ಲಿ ಗುರುತು ಸಿಗಲಿಲ್ಲ. ವಾಕ್ಯ ಇಷ್ಟೇ ಇತ್ತು: ‘ಕ್ವಾಕಿಲ್ ಫಿ ಫ್ರ್ವಾ’. ಚಳಿ ಇದ್ದರೂ ಎಂದರ್ಥ.

ಈ ರೂಪದ ಹೆಸರು ಇಂಪರ್ಫೆಕ್ಟ್ ಸಬ್ಜಂಕ್ಟಿವ್. ಫ್ರೆಂಚ್ ಕಲಿಯುವವರು ಜಾಸ್ತಿ ಹೆದರುವ ಪಾಠ ಇದು. ಹೆದರಬೇಕಾಗಿಲ್ಲ ಅನ್ನುವುದನ್ನು ಇಷ್ಟು ವರ್ಷ ಪಾಠ ಮಾಡಿ ಕಂಡುಕೊಂಡಿದ್ದೇನೆ. ಇದನ್ನು ಬಾಯಿಪಾಠ ಮಾಡಿಸುವುದೇ ಮೊದಲ ತಪ್ಪು. ಇದು ಕಣ್ಣಿಗೆ ಕಲಿಸಬೇಕಾದ ಪಾಠ.

ಮೊದಲು ಸಬ್ಜಂಕ್ಟಿವ್ ಅಂದರೆ ಏನು ಅಂತ ನೋಡೋಣ. ನಡೆದದ್ದನ್ನು ನಡೆದ ಹಾಗೆ ಹೇಳಲು ಫ್ರೆಂಚಿನಲ್ಲಿ ಒಂದು ಬಗೆಯ ರೂಪಗಳಿವೆ. ಆಸೆ, ಭಯ, ಅನುಮಾನ, ‘ಹೀಗಾಗಬೇಕು’ ಅನ್ನುವ ಒತ್ತಾಯ, ಇವುಗಳ ಜೊತೆ ಬರುವ ಮಾತಿಗೆ ಬೇರೆ ರೂಪಗಳಿವೆ. ಎರಡನೆಯದೇ ಸಬ್ಜಂಕ್ಟಿವ್. ಕನ್ನಡದ ‘ಬರಲಿ’ಯನ್ನು ನೆನೆಯಿರಿ. ‘ಅವನು ಬರಲಿ ಅಂತ ನನ್ನಾಸೆ’. ಇದನ್ನೇ ಹಿಂದಕ್ಕೆ ಒಯ್ಯಿರಿ: ‘ಅವನು ಬರಲಿ ಅಂತ ಆಸೆಪಟ್ಟಿದ್ದೆ’. ಆಸೆ ಹಳೆಯದಾಯಿತು, ‘ಬರಲಿ’ ಮಾತ್ರ ಹಾಗೇ ಉಳಿಯಿತು, ಅಲ್ವಾ?

ಹಳೆಯ ಫ್ರೆಂಚ್ ವ್ಯಾಕರಣ ಇದಕ್ಕೆ ಒಪ್ಪುವುದಿಲ್ಲ. ಮುಖ್ಯ ಕ್ರಿಯಾಪದ ಭೂತಕಾಲಕ್ಕೆ ಹೋದರೆ ‘ಬರಲಿ’ಯೂ ಜೊತೆಗೆ ಹೋಗಬೇಕು ಅನ್ನುತ್ತದೆ. ‘ಅವನು ಬರಲಿ ಅಂತ ಬಯಸುತ್ತೇನೆ’ ಅನ್ನುವಾಗ ‘ಕಿಲ್ ವಿಯೆನ್’. ‘ಬಯಸುತ್ತಿದ್ದೆ’ ಅನ್ನುವಾಗ ‘ಝ ವೂಲೆ ಕಿಲ್ ವ್ಯಾಂ’. ಈ ‘ವ್ಯಾಂ’ ಇಂಪರ್ಫೆಕ್ಟ್ ಸಬ್ಜಂಕ್ಟಿವ್. ಇವತ್ತು ಪ್ಯಾರಿಸಿನಲ್ಲಿ ಯಾರ ಜೊತೆ ಮಾತಾಡಿದರೂ ‘ಝ ವೂಲೆ ಕಿಲ್ ವಿಯೆನ್’ ಅಂತಲೇ ಕೇಳುತ್ತೀರಿ. ಮಾತಿನ ಫ್ರೆಂಚ್ ಈ ಒಂದು ವಿಷಯದಲ್ಲಿ ಕನ್ನಡದ ದಾರಿಗೇ ಬಂದಿದೆ. ಕನ್ನಡದವರು ಸಹಜವಾಗಿ ಯೋಚಿಸಿ ಹೇಳಿದರೆ ಈಗಿನ ಫ್ರೆಂಚಿಗೆ ಅದೇ ಸರಿ.

ಈಗ ರೂಪ ಕಟ್ಟುವುದು ಹೇಗೆ ನೋಡೋಣ. ಫ್ರೆಂಚಿನಲ್ಲಿ ‘ಪಾಸೆ ಸ್ಯಾಂಪ್ಲ್’ ಎಂಬ ಭೂತಕಾಲ ಇದೆ. ಕಥೆ, ಕಾದಂಬರಿ, ಚರಿತ್ರೆಯ ಬರವಣಿಗೆಯಲ್ಲಿ ಬರುತ್ತದೆ, ಮಾತಿನಲ್ಲಿ ಇಲ್ಲ. ಮಕ್ಕಳ ಕಥೆಗಳಲ್ಲೂ ಬರುತ್ತದೆ, ಹಾಗಾಗಿ ಅಲ್ಲಿನ ಮಕ್ಕಳಿಗೆ ಇದು ಹೊಸದಲ್ಲ. ಇದರ ‘ನೀನು’ ರೂಪ ಯಾವಾಗಲೂ ಎಸ್ ಅಕ್ಷರದಲ್ಲಿ ಮುಗಿಯುತ್ತದೆ. ಆ ಎಸ್ ಮುಂದೆ ಇನ್ನೊಂದು ಎಸ್ ಮತ್ತು ಇ ಬರೆಯಿರಿ. ಇಂಪರ್ಫೆಕ್ಟ್ ಸಬ್ಜಂಕ್ಟಿವ್‌ನ ‘ನಾನು’ ರೂಪ ಸಿದ್ಧ. ‘ಮಾತಾಡು’ ಅನ್ನುವ ಪಾರ್ಲೆಗೆ ‘ಪಾರ್ಲಾಸ್’. ‘ಮುಗಿಸು’ ಅನ್ನುವ ಫಿನೀರ್‌ಗೆ ‘ಫಿನಿಸ್’. ‘ಇರು’ ಅನ್ನುವ ಎತ್ರ್‌ಗೆ ‘ಫ್ಯೂಸ್’. ‘ಬಾ’ ಅನ್ನುವ ವೆನೀರ್‌ಗೆ ‘ವ್ಯಾಂಸ್’. ಸ್ವರ ನೋಡಿದರೆ ಇಷ್ಟೇ ನಾಲ್ಕು ಗುಂಪು. ಎಷ್ಟೇ ವಕ್ರ ಕ್ರಿಯಾಪದವಾದರೂ ಈ ನಾಲ್ಕರಲ್ಲಿ ಒಂದಕ್ಕೆ ಸೇರಲೇಬೇಕು. ಪಾಸೆ ಸ್ಯಾಂಪ್ಲ್ ಇಲ್ಲದ ಕ್ರಿಯಾಪದಕ್ಕೆ ಈ ರೂಪವೂ ಇಲ್ಲ. ಹಾಲು ಕರೆಯುವುದಕ್ಕೆ ಬಳಸುವ ‘ತ್ರೆರ್’ ಹಾಗಿನದು.

‘ನಾನು’, ‘ನೀನು’, ‘ಅವರು’ ಈ ಮೂರೂ ಬರವಣಿಗೆಯಲ್ಲಿ ಬೇರೆ, ಕಿವಿಗೆ ಒಂದೇ: ಪಾರ್ಲಾಸ್. ‘ನಾವು’ ಅಂದರೆ ಪಾರ್ಲಾಸ್ಸಿಯೊಂ, ‘ನೀವು’ ಅಂದರೆ ಪಾರ್ಲಾಸ್ಸಿಯೆ. ಇನ್ನು ‘ಅವನು, ಅವಳು’ ರೂಪ. ಇದರಲ್ಲಿ ಎರಡು ಎಸ್‌ಗಳೂ ಇಲ್ಲ. ಸ್ವರದ ಮೇಲೆ ಟೋಪಿ, ಕೊನೆಗೆ ಒಂದು ಟಿ. ಪಾರ್ಲಾ, ಫಿನಿ, ಫ್ಯೂ, ವ್ಯಾಂ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಶಾಲೆಯ ವ್ಯಾಕರಣದಲ್ಲಿ ಪ್ರಥಮ ಪುರುಷ ಅಂದರೆ ‘ಅವನು’. ಫ್ರೆಂಚ್ ಪುಸ್ತಕದಲ್ಲಿ ಮೊದಲನೆಯ ಪುರುಷ ಅಂದರೆ ‘ನಾನು’. ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ಇಲ್ಲಿ ತುಂಬ ಎಡವುತ್ತಾರೆ. ಹಾಗಾಗಿ ನಾನು ಪುರುಷದ ಲೆಕ್ಕವನ್ನೇ ಬಿಟ್ಟು ‘ಅವನು ರೂಪ’ ಅಂತ ಹೇಳಿಕೊಡುತ್ತೇನೆ.

ಆ ಟೋಪಿ ಸುಮ್ನೆ ಬಂದದ್ದಲ್ಲ. ಅದರ ಕೆಳಗೆ ಒಂದು ಕಾಲದಲ್ಲಿ ಎಸ್ ಇತ್ತು. ಹಳೆಯ ಫ್ರೆಂಚಿನಲ್ಲಿ ‘ಫ್ಯೂಸ್ತ್’ ಎಂದೇ ಇತ್ತು. ಉಚ್ಚಾರದಲ್ಲಿ ಎಸ್ ಸವೆದುಹೋಯಿತು, ಬಹಳ ಕಾಲದ ಮೇಲೆ ಬರವಣಿಗೆಯಲ್ಲೂ ಅದರ ಜಾಗಕ್ಕೆ ಟೋಪಿ ಬಂತು. ಇಂಗ್ಲಿಷಿನಿಂದ ನಾವು ತಂದುಕೊಂಡ ‘ಹಾಸ್ಪಿಟಲ್’, ‘ಫಾರೆಸ್ಟ್’ ಪದಗಳಲ್ಲಿ ಆ ಎಸ್ ಇನ್ನೂ ಇದೆ. ಫ್ರೆಂಚಿನಲ್ಲಿ ಅವು ‘ಓಪಿತಾಲ್’, ‘ಫೊರೆ’, ಎರಡಕ್ಕೂ ಟೋಪಿ. ಇನ್ನೂ ಹಿಂದೆ ಹೋದರೆ ಲ್ಯಾಟಿನ್ ಸಿಗುತ್ತದೆ. ಪ್ರೀತಿಸು ಅನ್ನುವ ಕ್ರಿಯಾಪದದ ‘ಆಮಾವಿಸ್ಸೆಮ್’ ಮೊಟಕಾಗಿ ‘ಆಮಾಸ್ಸೆಮ್’ ಆಯಿತು. ಅದು ಫ್ರೆಂಚಿನಲ್ಲಿ ‘ಎಮಾಸ್’ ಆಗಿ ಉಳಿಯಿತು. ಆ ಎರಡು ಎಸ್‌ಗಳ ವಯಸ್ಸು ಎರಡು ಸಾವಿರ ವರ್ಷಕ್ಕೂ ಹೆಚ್ಚು.

1990ರ ಡಿಸೆಂಬರ್ 6ರಂದು ಫ್ರಾನ್ಸಿನ ಸರ್ಕಾರಿ ಗೆಜೆಟ್‌ನಲ್ಲಿ ಕಾಗುಣಿತದ ಸುಧಾರಣೆಗಳು ಪ್ರಕಟವಾದವು. ಐ ಮತ್ತು ಯು ಮೇಲಿನ ಟೋಪಿಯನ್ನು ಬಹಳಷ್ಟು ಪದಗಳಲ್ಲಿ ಬಿಡಬಹುದು ಎಂದಾಯಿತು. ಆದರೆ ಈ ಕ್ರಿಯಾರೂಪದ ಟೋಪಿಗೆ ಕೈ ಹಚ್ಚಲಿಲ್ಲ. ಅದು ಸರಿಯಾದ ತೀರ್ಮಾನ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ‘ಫ್ಯೂತಿಲ್ ರ್ವಾ’ ಅನ್ನುವ ಮಾತನ್ನು ನೋಡಿ. ಟೋಪಿ ಇಲ್ಲದೆ ಬರೆದರೆ ‘ಅವನು ರಾಜನಾಗಿದ್ದನೇ?’ ಎಂಬ ಪ್ರಶ್ನೆ. ಟೋಪಿ ಇಟ್ಟರೆ ‘ಅವನು ರಾಜನೇ ಆಗಿದ್ದರೂ’. ಕಿವಿಗೆ ಎರಡೂ ಒಂದೇ. ಅರ್ಥವನ್ನು ಬೇರೆ ಮಾಡುವುದು ಆ ಸಣ್ಣ ಗುರುತು ಮಾತ್ರ.

ಇಷ್ಟು ಹಳೆಯ ರೂಪ ಮಾತಿನಿಂದ ಯಾಕೆ ಹೋಯಿತು? ಪಾಸೆ ಸ್ಯಾಂಪ್ಲ್ ಮಾತಿನಲ್ಲಿ ಮರೆಯಾದಾಗ ಅದನ್ನೇ ನಂಬಿಕೊಂಡಿದ್ದ ಇದೂ ಹೋಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದೊಂದೇ ಕಾರಣ ಸಾಲದು. ಉತ್ತರ ಇಟಲಿಯಲ್ಲೂ ಅಂಥ ಸರಳ ಭೂತಕಾಲ ಮಾತಿನಲ್ಲಿ ಕಡಿಮೆಯಾಗಿದೆ. ಆದರೆ ‘ವೊಲೆವೊ ಕೆ ವೆನಿಸ್ಸೆ’, ಅವನು ಬರಲಿ ಅಂತ ಬಯಸುತ್ತಿದ್ದೆ, ಅನ್ನುವುದು ಅಲ್ಲಿ ಇವತ್ತಿಗೂ ಸಹಜ ಮಾತು. ಫ್ರೆಂಚಿನಲ್ಲಿ ಧ್ವನಿಯೂ ಇದಕ್ಕೆ ಏಟು ಕೊಟ್ಟಿದೆ ಅನ್ನುವುದು ನನ್ನ ಅಭಿಪ್ರಾಯ. ಆ ಭಾಷೆಯಲ್ಲಿ ‘ಆಸ್’ ಪ್ರತ್ಯಯಕ್ಕೆ ಮೂಗು ಮುರಿಯುವ ಗುಣವಿದೆ. ‘ಪಾಪ್ರಾಸ್’ ಅಂದರೆ ಬೇಡದ ಕಾಗದದ ರಾಶಿ. ‘ರೆವೆ’ ಅಂದರೆ ಕನಸು ಕಾಣುವುದು, ‘ರೆವಾಸೆ’ ಅಂದರೆ ಕೆಲಸ ಬಿಟ್ಟು ಹಗಲುಗನಸು ಕಾಣುತ್ತ ಕೂರುವುದು. ಹೀಗಿರುವಾಗ ‘ನಾನು ಕನಸು ಕಾಣಲಿ’ ಅನ್ನಲು ‘ರೆವಾಸ್’ ಅಂದರೆ ಯಾವ ಕನಸು ಎಂಬ ಗೊಂದಲ ಬರುತ್ತದೆ. ‘ತಿಳಿ’ ಕ್ರಿಯಾಪದದ ‘ಸ್ಯೂಸ್ಸಿಯೊಂ’ ಕೇಳಲು ‘ಚೀಪು’ ಕ್ರಿಯಾಪದದ ಒಂದು ರೂಪದಂತೆಯೇ ಇದೆ. ನಾಲಿಗೆ ಹಿಂಜರಿಯದೆ ಇರುತ್ತದೆಯೇ?

ಸರ್ಕಾರವೂ ಹಂತ ಹಂತವಾಗಿ ಪಟ್ಟು ಸಡಿಲಿಸಿತು. 1901ರ ಫೆಬ್ರವರಿ 26ರಂದು ಶಿಕ್ಷಣ ಮಂತ್ರಿ ಜಾರ್ಜ್ ಲೆಗ್ ಒಂದು ಆದೇಶ ಹೊರಡಿಸಿದರು. ಮುಖ್ಯ ಕ್ರಿಯಾಪದ ‘ಹಾಗಾದರೆ ಹೀಗಾಗುತ್ತಿತ್ತು’ ಎಂಬ ಅರ್ಥದ ಕಂಡೀಷನಲ್ ರೂಪದಲ್ಲಿದ್ದಾಗ, ಮುಂದೆ ಇಂಪರ್ಫೆಕ್ಟ್ ಬದಲು ವರ್ತಮಾನದ ಸಬ್ಜಂಕ್ಟಿವ್ ಬರೆದರೂ ಪರೀಕ್ಷೆಯಲ್ಲಿ ತಪ್ಪು ಅನ್ನಬಾರದು ಎಂದರು. 1976ರ ಡಿಸೆಂಬರ್ 28ರ ಆದೇಶ ಈ ವಿನಾಯಿತಿಯನ್ನು ಭೂತಕಾಲದ ವಾಕ್ಯಗಳಿಗೂ ಕೊಟ್ಟಿತು. ಅಂದರೆ ಫ್ರಾನ್ಸಿನ ಮಕ್ಕಳಿಗೇ ಇದನ್ನು ಬರೆಯುವ ಒತ್ತಾಯ ಇಲ್ಲ. ಹಾಗಿರುವಾಗ ಬೆಂಗಳೂರಿನಲ್ಲಿ ಫ್ರೆಂಚ್ ಕಲಿಯುವ ಮಗು ಇಡೀ ಕೋಷ್ಟಕವನ್ನು ಉರು ಹೊಡೆಯಬೇಕು ಅನ್ನುವುದು ನನಗೆ ಸರಿಕಾಣುವುದಿಲ್ಲ. ‘ಪಾರ್ಲಾಸ್ಸಿಯೊಂ’ ತಪ್ಪಿಲ್ಲದೆ ಒಪ್ಪಿಸುವ ಮಕ್ಕಳು ಮೂರು ಅಕ್ಷರದ ‘ಫಿ’ ಮುಂದೆ ಕಂಗಾಲಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ, ಸಂಕಟವಾಗುತ್ತದೆ.

ಯಾಕಂದ್ರೆ ಪುಸ್ತಕದಲ್ಲಿ ಇವತ್ತಿಗೂ ನಿಜವಾಗಿ ಸಿಗುವುದು ಆ ‘ಅವನು’ ರೂಪವೇ. ಅದರಲ್ಲೂ ‘ಇರು’ವಿನ ಫ್ಯೂ, ‘ಹೊಂದಿರು’ವಿನ ಯೂ. ಕೆಲವು ಮಾತುಗಳು ಅಚ್ಚಾಗಿ ನಿಂತುಬಿಟ್ಟಿವೆ. ‘ನ ಫ್ಯೂಸ್ ಕ’ ಅಂದರೆ ‘ಕೊನೇಪಕ್ಷ ಇಷ್ಟಾದರೂ’. ‘ದ್ಯೂತಿಲ್ ಆಂ ಮೂರೀರ್’ ಅಂದರೆ ನಮ್ಮ ‘ಸತ್ತರೂ ಸರಿ’. ‘ದ್ಯೂತಿಲ್’ನಂತೆ ತಿರುಗಿಸಿ ಹೇಳುವಾಗ ಮೌನವಾಗಿದ್ದ ಟಿ ಬಾಯಿಬಿಡುತ್ತದೆ. ‘ಇಲ್ ಯೂ ಫಾಲ್ಯೂ’ ಅಂದರೆ ‘ಹಾಗೆ ಮಾಡಬೇಕಿತ್ತು’. ಪತ್ರಿಕೆಯ ಗಂಭೀರ ಲೇಖನಗಳಲ್ಲೂ ಇದು ಕಾಣುತ್ತದೆ.

ಆ ಹುಡುಗಿಗೆ ನಾನು ಕೋಷ್ಟಕ ಕೊಡಲಿಲ್ಲ. ಪೆನ್ಸಿಲ್ ಹಿಡಿದು ಅದೇ ಕಾದಂಬರಿಯ ನಾಲ್ಕು ಪುಟ ಓದು ಅಂದೆ. ಕೊನೆಗೆ ಟಿ, ಅದರ ಹಿಂದಿನ ಸ್ವರಕ್ಕೆ ಟೋಪಿ ಇರುವ ಪದಕ್ಕೆಲ್ಲ ಸುತ್ತು ಹಾಕು. ಹಿಂದೆ ‘ಕ’ (ಅಂತ) ಅಥವಾ ‘ಕಿಲ್’ (ಅವನು... ಅಂತ) ಇದೆಯಾ ನೋಡು. ಟೋಪಿ ತೆಗೆದರೆ ಪಾಸೆ ಸ್ಯಾಂಪ್ಲ್ ಸಿಗುತ್ತದೆ, ಸ್ವರ ‘ಎ’ ಆಗಿದ್ದರೆ ಟಿಯನ್ನೂ ತೆಗೆ. ಅಲ್ಲಿಂದ ಮೂಲ ಕ್ರಿಯಾಪದಕ್ಕೆ ಹೋಗು. ‘ಪ್ಲ್ಯೂ’ ಸಿಕ್ಕರೆ ಮಾತ್ರ ನಿಂತು ಯೋಚಿಸು ಅಂತಲೂ ಹೇಳಿದ್ದೆ. ‘ಇಷ್ಟವಾಗು’ ಮತ್ತು ‘ಮಳೆ ಬರು’, ಎರಡಕ್ಕೂ ಅದೇ ರೂಪ.

ಮುಂದಿನ ಕ್ಲಾಸಿಗೆ ಅವಳು ತಂದ ಪುಟಗಳಲ್ಲಿ 9 ಸುತ್ತುಗಳಿದ್ದವು. ಎರಡು ಕ್ರಿಯಾಪದಗಳಲ್ಲ. ಒಂದು ‘ಫೊರೆ’, ಕಾಡು. ಇನ್ನೊಂದು ‘ಗೂ’, ರುಚಿ. ಉಳಿದ ಏಳಕ್ಕೂ ಪಕ್ಕದಲ್ಲಿ ಮೂಲ ಕ್ರಿಯಾಪದ ಬರೆದಿದ್ದಳು, ಏಳೂ ಸರಿ.