ಒಬ್ಬ ಆಟಗಾರ, ನಾಲ್ಕು ಜರ್ಸಿ

ಓದುಗರ ಪ್ರಶ್ನೆ: "ನ್ಯೂಜಿಲೆಂಡ್ ರಗ್ಬಿಯ ವಿಡಿಯೊ ಆಗಾಗ ನೋಡ್ತೀನಿ. ಒಬ್ಬನೇ ಆಟಗಾರ ಒಂದರಲ್ಲಿ ಕ್ಯಾಂಟರ್‌ಬರಿ, ಇನ್ನೊಂದರಲ್ಲಿ ಕ್ರುಸೇಡರ್ಸ್, ಮತ್ತೊಂದರಲ್ಲಿ ಆಲ್ ಬ್ಲ್ಯಾಕ್ಸ್. ಅವನ ತಂಡ ನಿಜಕ್ಕೂ ಯಾವುದು? ಕ್ಯಾಂಟರ್‌ಬರಿ, ಕ್ರುಸೇಡರ್ಸ್ ಎರಡೂ ಒಂದೇನಾ?"

ಎರಡೂ ಒಂದೇ ಅಲ್ಲ. ಇನ್ನೂ ಒಂದು ಜರ್ಸಿ ನಿಮ್ಮ ಕಣ್ಣಿಗೆ ಬಿದ್ದಿಲ್ಲ, ಅದು ಊರಿನ ಕ್ಲಬ್‌ದು. ಒಟ್ಟು ನಾಲ್ಕು. ಕೆಳಗಿನಿಂದ ಹತ್ತಿಕೊಂಡು ಹೋದರೆ ಗೊಂದಲ ಅರ್ಧ ಇಳಿಯುತ್ತದೆ.

ಡ್ಯಾನ್ ಕಾರ್ಟರ್ ಅವರನ್ನೇ ತೆಗೆದುಕೊಳ್ಳಿ. ಟೆಸ್ಟ್ ರಗ್ಬಿಯಲ್ಲಿ, ಅಂದರೆ ದೇಶ-ದೇಶಗಳ ನಡುವಿನ ಆಟದಲ್ಲಿ, 112 ಪಂದ್ಯ ಆಡಿ 1,598 ಅಂಕ ಗಳಿಸಿದವರು. ಅವರ ಊರು ಸೌತ್‌ಬ್ರಿಜ್, ಕ್ರೈಸ್ಟ್‌ಚರ್ಚ್ ನಗರದಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ಸಿಗುವ ಪುಟ್ಟ ಊರು. ಎಂಟನೇ ಹುಟ್ಟುಹಬ್ಬಕ್ಕೆ ಅಪ್ಪ ಕೊಟ್ಟ ಉಡುಗೊರೆ ರಗ್ಬಿಯ ಗೋಲ್ ಕಂಬಗಳು. ಮನೆಯ ಪಕ್ಕದಲ್ಲೇ ನೆಟ್ಟು ಕೊಟ್ಟಿದ್ದರು. ಹುಡುಗ ಅಲ್ಲೇ ಒದ್ದು ಒದ್ದು ಕಲಿತ. ಊರ ಕ್ಲಬ್‌ನ ಹೆಸರೂ ಸೌತ್‌ಬ್ರಿಜ್. ಇದು ಮೊದಲ ಜರ್ಸಿ.

ಸುತ್ತಮುತ್ತಲ ಇಂಥ ಕ್ಲಬ್‌ಗಳೆಲ್ಲ ಸೇರಿದ್ದು ಕ್ಯಾಂಟರ್‌ಬರಿ ರಗ್ಬಿ ಯೂನಿಯನ್‌ಗೆ. ಕ್ಲಬ್‌ಗಳ ನಡುವಿನ ಲೀಗ್ ನಡೆಸುವುದು ಅದೇ. ಆ ಕ್ಲಬ್‌ಗಳಿಂದ ಒಳ್ಳೆಯವರನ್ನು ಆರಿಸಿ ಪ್ರಾಂತ್ಯದ ತಂಡ ಕಟ್ಟುವುದೂ ಅದೇ. ಇದು ಎರಡನೇ ಜರ್ಸಿ, ಕೆಂಪು-ಕಪ್ಪು ಪಟ್ಟೆಯದು. ಮೂರನೆಯದು ಕ್ರುಸೇಡರ್ಸ್, ಹಲವು ಪ್ರಾಂತ್ಯಗಳಿಗೆ ಸೇರಿ ಇರುವ ತಂಡ, ಅದರ ಕಥೆ ಮುಂದೆ ಬರುತ್ತದೆ. ನಾಲ್ಕನೆಯದು ಕಪ್ಪು, ಅದು ದೇಶದ ತಂಡ ಆಲ್ ಬ್ಲ್ಯಾಕ್ಸ್ ಹಾಕುವುದು.

ನಮಗೆ ಹತ್ತಿರದ ಹೋಲಿಕೆ ಕ್ರಿಕೆಟ್. ಕೆ.ಎಲ್. ರಾಹುಲ್ ರಣಜಿಗೆ ಕರ್ನಾಟಕ, ಐಪಿಎಲ್‌ಗೆ ಬೇರೆ ಊರಿನ ತಂಡ, ಆಮೇಲೆ ಭಾರತ. ಹಾಗೇ ಅಂದುಕೊಳ್ಳಿ. ಆದರೆ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಅಲ್ಲಿ ಹರಾಜು ಇಲ್ಲ. ಮೂರನೇ ಮೆಟ್ಟಿಲಿನ ಆಟಗಾರನಿಗೆ ಸಂಬಳದ ಒಪ್ಪಂದ ರಾಷ್ಟ್ರೀಯ ಸಂಸ್ಥೆಯ ಜೊತೆಗೇ ಇರುತ್ತದೆ. ಪ್ರಾಂತ್ಯದ ಆಟಕ್ಕೆ ಪ್ರಾಂತ್ಯದ ಜೊತೆ ಬೇರೆ ಒಪ್ಪಂದ.

ಇಷ್ಟೊಂದು ಮೆಟ್ಟಿಲು ಯಾಕೆ ಬಂತು? ಯಾರೂ ಕೂತು ಯೋಜನೆ ಹಾಕಿದ್ದಲ್ಲ. ನ್ಯೂಜಿಲೆಂಡ್‌ನಲ್ಲಿ ಮೊದಲ ರಗ್ಬಿ ಪಂದ್ಯ ನಡೆದದ್ದು 1870ರಲ್ಲಿ, ನೆಲ್ಸನ್ ಎಂಬ ಊರಿನಲ್ಲಿ. ಅಲ್ಲಿನ ಕಾಲೇಜಿನ ಹುಡುಗರಿಗೂ ಊರಿನ ಕ್ಲಬ್‌ಗೂ. ಕ್ಯಾಂಟರ್‌ಬರಿ, ವೆಲಿಂಗ್ಟನ್ ಯೂನಿಯನ್‌ಗಳು ಹುಟ್ಟಿದ್ದು 1879ರಲ್ಲಿ. ರಾಷ್ಟ್ರೀಯ ಸಂಸ್ಥೆ ಬಂದದ್ದು 1892ರಲ್ಲಿ. ಅದಕ್ಕೂ ಕ್ಯಾಂಟರ್‌ಬರಿ, ಒಟಾಗೊ, ಸೌತ್‌ಲ್ಯಾಂಡ್ ಮೊದಲು ಸೇರಲೇ ಇಲ್ಲ, ಕೆಲವು ವರ್ಷ ದೂರವೇ ನಿಂತವು. ಅಂದರೆ ಮೊದಲು ಕ್ಲಬ್, ಆಮೇಲೆ ಪ್ರಾಂತ್ಯ, ಕೊನೆಗೆ ದೇಶ. ಮೇಲಿನವರು ಕೆಳಗಿನವರನ್ನು ಹುಟ್ಟಿಸಿದ್ದಲ್ಲ, ಕೆಳಗಿನವರು ಸೇರಿ ಮೇಲಿನವರನ್ನು ಕೂರಿಸಿದ್ದು. ಇನ್ನೂ ತಮಾಷೆ ಏನೆಂದರೆ, ಸರ್ಕಾರದ ಲೆಕ್ಕದಲ್ಲಿ ಅಲ್ಲಿ ಪ್ರಾಂತ್ಯಗಳ ಆಡಳಿತ 1876ರಲ್ಲೇ ರದ್ದಾಗಿದೆ. ಆ ಹಳೇ ನಕ್ಷೆ ಜೀವಂತ ಇರುವುದು ಜಾಸ್ತಿ ರಗ್ಬಿಯಲ್ಲೇ.

ಈಗ ಒಟ್ಟು 26 ಪ್ರಾಂತೀಯ ಯೂನಿಯನ್‌ಗಳಿವೆ. ಅವು ಸುಮ್ನೆ ಹೆಸರಿಗೆ ಇಲ್ಲ, ರಾಷ್ಟ್ರೀಯ ಸಂಸ್ಥೆಯಲ್ಲಿ ಮತ ಹಾಕುತ್ತವೆ. 2024ರ ಮೇ ತಿಂಗಳಲ್ಲಿ ಆಡಳಿತ ಮಂಡಳಿಯನ್ನು ಹೇಗೆ ಆರಿಸಬೇಕು ಎಂಬ ಜಗಳ ಬಂದಾಗ, ಗೆದ್ದದ್ದು ಮಂಡಳಿಯ ಬೆಂಬಲವಿದ್ದ ಪ್ರಸ್ತಾಪ ಅಲ್ಲ, ಪ್ರಾಂತ್ಯಗಳು ತಾವೇ ತಂದದ್ದು. ಕೋಟಿಗಟ್ಟಲೆ ಡಾಲರಿನ ವ್ಯವಹಾರಕ್ಕೆ ಇದು ತಕ್ಕ ರೀತಿಯಲ್ಲ ಎನ್ನುವವರು ಅಲ್ಲೇ ತುಂಬಾ ಇದ್ದಾರೆ. ನನಗೂ ಅರ್ಧ ಹಾಗೇ ಅನ್ನಿಸುತ್ತದೆ. ಆದರೆ ಮನೆ ಕಟ್ಟಿದವರನ್ನೇ ಹೊರಗೆ ನಿಲ್ಲಿಸುವುದು ಸುಲಭ ಅಲ್ಲ, ಅಲ್ವಾ?

ಈ 26ರಲ್ಲಿ 14 ದೊಡ್ಡವು, 12 ಸಣ್ಣವು. ದೊಡ್ಡವು ಆಡುವುದು ಎನ್‌ಪಿಸಿ, ಅಂದರೆ ರಾಷ್ಟ್ರೀಯ ಪ್ರಾಂತೀಯ ಚಾಂಪಿಯನ್‌ಶಿಪ್. ಅದು ಶುರುವಾದದ್ದು 1976ರಲ್ಲಿ, ಮೊದಲ ವರ್ಷ ಗೆದ್ದದ್ದು ಬೇ ಆಫ್ ಪ್ಲೆಂಟಿ. ಆಗ ಸಣ್ಣ ಪ್ರಾಂತ್ಯವೂ ಗೆದ್ದು ಮೇಲಿನ ದರ್ಜೆಗೆ ಬರಬಹುದಿತ್ತು. 2006ರಲ್ಲಿ ಆ ಏಣಿ ಎತ್ತಿಟ್ಟರು. ಸಣ್ಣ 12 ತಂಡಗಳಿಗೆ ಹಾರ್ಟ್‌ಲ್ಯಾಂಡ್ ಚಾಂಪಿಯನ್‌ಶಿಪ್ ಅಂತ ಬೇರೆ ಟೂರ್ನಿ ಮಾಡಿಕೊಟ್ಟರು. ಅಲ್ಲಿ ಆಡುವವರಿಗೆ ರಗ್ಬಿ ಹೊಟ್ಟೆಪಾಡು ಅಲ್ಲ. ವಾರವೆಲ್ಲ ಹೊಲ, ಹಟ್ಟಿ, ಗ್ಯಾರೇಜು, ಶಾಲೆ, ಶನಿವಾರ ಆಟ. ಮೊದಲ ನಾಲ್ಕು ಸ್ಥಾನದವರು ಮೀಡ್ಸ್ ಕಪ್‌ಗೆ, ಐದರಿಂದ ಎಂಟರವರೆಗಿನವರು ಲೊಹೋರ್ ಕಪ್‌ಗೆ ಸೆಣಸುತ್ತಾರೆ.

ಆ ಎರಡು ಹೆಸರುಗಳ ಹಿಂದೆ ಒಂದು ಲೆಕ್ಕವಿದೆ. ಕಾಲಿನ್ ಮೀಡ್ಸ್, ಬ್ರಯಾನ್ ಲೊಹೋರ್ ಇಬ್ಬರೂ ರೈತರು, ಇಬ್ಬರೂ ಸಣ್ಣ ಪ್ರಾಂತ್ಯದವರು, ಇಬ್ಬರೂ ಆಲ್ ಬ್ಲ್ಯಾಕ್ಸ್ ನಾಯಕರಾಗಿದ್ದವರು. ಮೀಡ್ಸ್ ಅಂತೂ 55 ಟೆಸ್ಟ್ ಆಡಿದರೂ ಕಿಂಗ್ ಕಂಟ್ರಿ ಪ್ರಾಂತ್ಯ ಬಿಟ್ಟು ಕದಲಲಿಲ್ಲ. ಅಲ್ಲಿನ ಟೆ ಕುಯಿಟಿ ಎಂಬ ಪಟ್ಟಣದಲ್ಲಿ 2017ರಲ್ಲಿ ಅವರ ಪ್ರತಿಮೆ ನಿಲ್ಲಿಸಿದರು. ಇವತ್ತು ಅಂಥ ಹುಡುಗ ಕಿಂಗ್ ಕಂಟ್ರಿಯಲ್ಲಿ ಹುಟ್ಟಿದರೆ, ಹೈಸ್ಕೂಲಿನಲ್ಲಿ ಇರುವಾಗಲೇ ಯಾವುದಾದರೂ ದೊಡ್ಡ ಪ್ರಾಂತ್ಯದವರು ಕರೆದುಕೊಂಡು ಹೋಗಿರುತ್ತಾರೆ.

ಈಗ ನಿಮ್ಮ ಪ್ರಶ್ನೆಯ ಕ್ರುಸೇಡರ್ಸ್ ವಿಷಯ. 1995ರಲ್ಲಿ ಈ ರಗ್ಬಿ ('ರಗ್ಬಿ ಯೂನಿಯನ್' ಎಂಬ ಬಗೆಯ ಆಟ) ವೃತ್ತಿಪರವಾಯಿತು. ಮರುವರ್ಷವೇ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಸೇರಿ ಸೂಪರ್ 12 ಎಂಬ ಟೂರ್ನಿ ಶುರು ಮಾಡಿದವು, ಇವತ್ತಿನ ಸೂಪರ್ ರಗ್ಬಿ ಅದರದ್ದೇ ಮುಂದುವರಿಕೆ. ಅಷ್ಟೊಂದು ಪ್ರಾಂತ್ಯಗಳನ್ನು ಅಲ್ಲಿಗೆ ಕಳಿಸಲು ಆಗುವುದಿಲ್ಲ. ಹಾಗಾಗಿ ದೇಶವನ್ನು ಐದು ಪಾಲು ಮಾಡಿದರು: ಬ್ಲೂಸ್, ಚೀಫ್ಸ್, ಹರಿಕೇನ್ಸ್, ಕ್ರುಸೇಡರ್ಸ್, ಹೈಲ್ಯಾಂಡರ್ಸ್. ಕ್ರುಸೇಡರ್ಸ್ ಪಾಲಿಗೆ ಕ್ಯಾಂಟರ್‌ಬರಿ ಒಂದೇ ಅಲ್ಲ, ಟಾಸ್ಮನ್, ಬುಲರ್, ವೆಸ್ಟ್ ಕೋಸ್ಟ್, ಮಿಡ್ ಕ್ಯಾಂಟರ್‌ಬರಿ, ಸೌತ್ ಕ್ಯಾಂಟರ್‌ಬರಿ ಕೂಡ ಬರುತ್ತವೆ. ಮೊದಲು 'ಕ್ಯಾಂಟರ್‌ಬರಿ ಕ್ರುಸೇಡರ್ಸ್' ಅಂತಲೇ ಕರೆಯುತ್ತಿದ್ದರು. ಆಮೇಲೆ ಐದೂ ತಂಡಗಳ ಹೆಸರಿನಿಂದ ಊರು ಕಿತ್ತರು. ಪಕ್ಕದ ಪ್ರಾಂತ್ಯದವರಿಗೂ ನಮ್ಮ ತಂಡ ಅನ್ನಿಸಬೇಕಲ್ಲ.

ಆದರೆ ಪ್ರಾಂತ್ಯ ಯಾವುದೋ ಸೂಪರ್ ತಂಡವೂ ಅದರದ್ದೇ ಆಗಬೇಕು ಎಂಬ ನಿಯಮ ಇಲ್ಲ. ಬ್ಯಾರೆಟ್ ಅಣ್ಣತಮ್ಮಂದಿರನ್ನು ನೋಡಿ. ಬೋಡನ್, ಸ್ಕಾಟ್, ಜೋರ್ಡಿ ಮೂವರೂ ತಾರನಾಕಿ ಪ್ರಾಂತ್ಯದ ಹೈನುಗಾರಿಕೆಯ ಮನೆಯಲ್ಲಿ ಬೆಳೆದವರು. ಅಪ್ಪನೂ ತಾರನಾಕಿಗೆ ಆಡಿದವರೇ. ಸ್ಕಾಟ್ ಕ್ರುಸೇಡರ್ಸ್‌ಗೆ ಹೋದರು, ಬೋಡನ್ ಮತ್ತು ಜೋರ್ಡಿ ಹರಿಕೇನ್ಸ್‌ಗೆ. ಬೋಡನ್ ಮುಂದೆ ಬ್ಲೂಸ್ ಸೇರಿದರು. ತಾರನಾಕಿ ಪ್ರಾಂತ್ಯ ಮಾತ್ರ 2013ರಿಂದ ಚೀಫ್ಸ್ ಪಾಲಿನಲ್ಲಿದೆ! 2018ರ ಜೂನ್‌ನಲ್ಲಿ ಫ್ರಾನ್ಸ್ ವಿರುದ್ಧ ಮೂವರೂ ಒಟ್ಟಿಗೆ ಆಲ್ ಬ್ಲ್ಯಾಕ್ಸ್‌ನ ಆರಂಭದ ಹದಿನೈದು ಆಟಗಾರರಲ್ಲಿ ಇಳಿದರು. ಮೂವರು ಅಣ್ಣತಮ್ಮಂದಿರು ಹಾಗೆ ಇಳಿದದ್ದು ಅದೇ ಮೊದಲು.

ಇಷ್ಟೆಲ್ಲ ಆಡಲು ಟೈಮ್ ಎಲ್ಲಿ ಅಂತೀರಾ? ಹೆಚ್ಚುಕಡಿಮೆ ಫೆಬ್ರವರಿಯಿಂದ ಜೂನ್‌ವರೆಗೆ ಸೂಪರ್ ರಗ್ಬಿ. ಜುಲೈನಿಂದ ಟೆಸ್ಟ್‌ಗಳು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಎನ್‌ಪಿಸಿ. ಊರ ಕ್ಲಬ್‌ಗಳ ಲೀಗ್ ಬೇಸಿಗೆ ಮುಗಿಯುತ್ತಲೇ ಶುರುವಾಗಿ ಚಳಿಗಾಲದ ನಡುವಿಗೆ ಮುಗಿಯುತ್ತದೆ. ಅಲ್ಲಿ ಜುಲೈ ಚಳಿಗಾಲ ಎಂಬುದು ನೆನಪಿರಲಿ. ಹೀಗಾಗಿ ದೊಡ್ಡ ಆಟಗಾರರು ಪ್ರಾಂತ್ಯಕ್ಕೆ ಆಡುವುದೇ ಅಪರೂಪ, ಕ್ಲಬ್‌ಗಂತೂ ಇನ್ನೂ ಅಪರೂಪ. ಆದರೂ ಕೊಂಡಿ ಕಳಚುವುದಿಲ್ಲ. 2020ರಲ್ಲಿ, ಎರಡು ವಿಶ್ವಕಪ್ ಪದಕ ಇದ್ದ 38ರ ಕಾರ್ಟರ್ ಮತ್ತೆ ಸೌತ್‌ಬ್ರಿಜ್ ಜರ್ಸಿ ಹಾಕಿ ಊರ ಲೀಗ್‌ನಲ್ಲಿ ಆಡಿದರು.

ಹಳೇ ಪ್ರಾಂತ್ಯಗಳ ಹಠ ಎಂಥದ್ದು ಅಂತ ಕಣ್ಣಾರೆ ನೋಡಬೇಕಿದ್ದರೆ ಒಂದು ರ‍್ಯಾನ್‌ಫರ್ಲಿ ಶೀಲ್ಡ್ ಪಂದ್ಯ ಹುಡುಕಿ ನೋಡಿ. ಗವರ್ನರ್ ಲಾರ್ಡ್ ರ‍್ಯಾನ್‌ಫರ್ಲಿ ಕೊಟ್ಟ ಶೀಲ್ಡ್ 1902ರಲ್ಲಿ ಆಕ್ಲೆಂಡ್‌ಗೆ ಸಿಕ್ಕಿತು. ತಂದಾಗ ಅದರ ನಡುವಿನ ಚಿತ್ರದಲ್ಲಿ ಇದ್ದದ್ದು ಫುಟ್‌ಬಾಲ್ ಗೋಲ್! ಆಮೇಲೆ ತಿದ್ದಿ ರಗ್ಬಿ ಮಾಡಿದರು. ಇದಕ್ಕೆ ಅಂಕಪಟ್ಟಿ ಇಲ್ಲ, ಫೈನಲ್ ಇಲ್ಲ. ಶೀಲ್ಡ್ ಯಾರ ಹತ್ತಿರ ಇದೆಯೋ ಅವರ ಊರಿಗೇ ಹೋಗಿ ಸೋಲಿಸಿ ತರಬೇಕು. ಡ್ರಾ ಆದರೆ ಅವರ ಹತ್ತಿರವೇ ಉಳಿಯುತ್ತದೆ. ಹಾರ್ಟ್‌ಲ್ಯಾಂಡ್‌ನ ರೈತರ ತಂಡಕ್ಕೂ ಸವಾಲು ಹಾಕುವ ಅವಕಾಶ ಉಂಟು. ಆಕ್ಲೆಂಡ್ 1985ರಿಂದ 1993ರವರೆಗೆ ಸಾಲಾಗಿ 61 ಸಲ ಉಳಿಸಿಕೊಂಡಿತು. ಒಟಾಗೊಗೆ 56 ವರ್ಷ ಕಾದ ಮೇಲೆ 2013ರಲ್ಲಿ ಸಿಕ್ಕಿತು, ಮೊದಲ ಸವಾಲಿನಲ್ಲೇ ಹೋಯಿತು.

ಅಲ್ಲಿಯವರು ಪ್ರೀತಿಯಿಂದ ಅದನ್ನು ಮರದ ದಿಮ್ಮಿ ಅನ್ನುತ್ತಾರೆ. 2023ರಲ್ಲಿ ಹಾಕ್ಸ್ ಬೇ ತಂಡ ಗೆದ್ದು ಸಂಭ್ರಮಿಸುವಾಗ ಆ ದಿಮ್ಮಿ ಎರಡು ತುಂಡಾಯಿತು. ಊರೆಲ್ಲ ಬೈದರು. ಆಮೇಲೆ ರಿಪೇರಿ ಮಾಡಿಸಿದರು.